ಅಂತರ್ಮುಖಿ ನಾಯಕನನ್ನು ವಾಚಾಳಿಯಾಗಿಸದೆ ಬೆಳೆಸುವುದು ಹೇಗೆ?

ಪ್ರಶ್ನೆ:
ಹದಿನಾರರ ಹುಡುಗನೊಬ್ಬ ನಾಯಕನಾಗಿರುವ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಅವನು ಮಿತಭಾಷಿ, ಗುಂಪಿನ ಅಂಚಿನಲ್ಲಿ ನಿಂತು ಎಲ್ಲವನ್ನೂ ಗಮನಿಸುವವನು. ಗೆಳೆಯನ ಮೇಲೆ ಕಳ್ಳತನದ ಸುಳ್ಳು ಆರೋಪ ಬಂದಾಗ ನಿಜಸಂಗತಿ ಗೊತ್ತಿರುವುದು ಇವನೊಬ್ಬನಿಗೇ. ಕೊನೆಯ ಅಧ್ಯಾಯದಲ್ಲಿ ಅವನು ಇಡೀ ಶಾಲೆಯೆದುರು ನಿರರ್ಗಳವಾಗಿ ಮಾತನಾಡಿ ಚಪ್ಪಾಳೆ ಗಿಟ್ಟಿಸುತ್ತಾನೆ. ಕರಡನ್ನು ಓದಿದ ಹಲವರು ಮೆಚ್ಚಿದರಾದರೂ ಒಬ್ಬರು, ಹುಡುಗ ಬೆಳೆದಂತೆ ಕಾಣುವುದಿಲ್ಲ, ಬೇರೆಯವನೇ ಆಗಿಬಿಟ್ಟಂತಿದೆ ಎಂದರು. ಹಾಗೆಂದು ಕೊನೆಯವರೆಗೂ ಅವನನ್ನು ಮೌನಿಯಾಗಿಯೇ ಉಳಿಸಿದರೆ ಕಥೆ ನಿಂತಲ್ಲೇ ನಿಂತಂತಾಗುವುದಿಲ್ಲವೇ?

ಉತ್ತರ 1:
ನಿಮ್ಮ ಹುಡುಗ ಮೊದಲು ಸುಮ್ಮನಿದ್ದುದೇಕೆ ಎಂಬುದನ್ನು ನೀವು ತೀರ್ಮಾನಿಸಿದಂತಿಲ್ಲ. ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖತೆಯನ್ನು ವಿವರಿಸಿದಾಗ ಅವರ ಗಮನವಿದ್ದುದು ಮನಸ್ಸಿನ ಶಕ್ತಿ ಹೊರಜಗತ್ತಿನತ್ತ ಹರಿಯುತ್ತದೆಯೋ ಒಳಗಿನತ್ತ ತಿರುಗುತ್ತದೆಯೋ ಎಂಬುದರ ಮೇಲೆ. ಜನರು ಏನೆಂದುಕೊಂಡಾರು ಎಂಬ ಅಳುಕು ಅದಕ್ಕಿಂತ ಬೇರೆಯದು. ಏಕಾಂತವನ್ನು ಇಷ್ಟಪಡುವವನು ನಿರ್ಭೀತನಾಗಿರಬಹುದು, ಸದಾ ಗುಂಪನ್ನು ಬಯಸುವವನು ಸಂಕೋಚದಿಂದ ನರಳಬಹುದು. ಹುಡುಗನನ್ನು ತಡೆದದ್ದು ಅಳುಕಾಗಿದ್ದರೆ ಕರಗಬೇಕಾದದ್ದು ಅಳುಕು ಮಾತ್ರ. ಏಕಾಂತಪ್ರಿಯತೆಯನ್ನು ಗುಣಪಡಿಸಬೇಕಾದ ಕಾಯಿಲೆಯಂತೆ ಕಾಣಬೇಕಿಲ್ಲ. ಸ್ವಭಾವವೇನೂ ಬದಲಾಗುವಂಥದ್ದಲ್ಲ.

ಉತ್ತರ 2:
ಮೇಲಿನ ವಿಂಗಡಣೆ ಸರಿ, ಕೊನೆಯ ವಾಕ್ಯವನ್ನು ಮಾತ್ರ ಒಪ್ಪಲಾರೆ. ಮನೋವಿಜ್ಞಾನಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2006ರಲ್ಲಿ ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಯೌವನದಲ್ಲಿ ಆತ್ಮವಿಶ್ವಾಸದಿಂದ ತನ್ನ ಮಾತನ್ನು ಮುಂದಿಡುವ ಗುಣವೂ ಭಾವನಾತ್ಮಕ ಸ್ಥಿರತೆಯೂ ಸರಾಸರಿಯಲ್ಲಿ ಹೆಚ್ಚುತ್ತವೆ ಎಂದು ಕಂಡುಬಂದಿತು. ಆದರೆ ಅದು ವರ್ಷಗಳ ಲೆಕ್ಕ. ನಿಮ್ಮ ಕಥೆಗಿರುವುದು ಬಹುಶಃ ಕೆಲವೇ ತಿಂಗಳುಗಳು. ಇಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಬ್ರಯನ್ ಲಿಟ್ಲ್ ಅವರ ವಿಚಾರ ನೆರವಾದೀತು: ತನಗೆ ಅತ್ಯಂತ ಮುಖ್ಯವಾದದ್ದಕ್ಕಾಗಿ ಮನುಷ್ಯ ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆದುಕೊಳ್ಳಬಲ್ಲ, ಆದರೆ ಅದರಿಂದ ದಣಿಯುತ್ತಾನೆ, ಆಮೇಲೆ ಚೇತರಿಸಿಕೊಳ್ಳಲು ಅವನಿಗೆ ಒಂದಿಷ್ಟು ಎಡೆ ಬೇಕಾಗುತ್ತದೆ. ಹುಡುಗ ಮಾತನಾಡಲಿ, ಆದರೆ ಆ ದಣಿವನ್ನೂ ಬರೆಯಿರಿ. ಸುಸ್ತಾಗದೆ ಗೆದ್ದುಬಿಟ್ಟಿರುವುದರಿಂದಲೇ ಅವನು ಆ ಓದುಗರಿಗೆ ಬೇರೆಯವನಾಗಿ ಕಂಡಿರಬೇಕು.

ಉತ್ತರ 3:
ನಾನು ಕಥನದ ಕಡೆಯಿಂದ ಹೇಳುತ್ತೇನೆ. ಅಂತರ್ಮುಖಿ ನಾಯಕರ ವಿಷಯದಲ್ಲಿ ಲೇಖಕರಿಗೆ ಒಂದು ಮಮಕಾರವಿರುತ್ತದೆ (ನಮ್ಮಲ್ಲಿ ಹೆಚ್ಚಿನವರು ಅದೇ ಜಾತಿಯವರಲ್ಲವೇ!): ಮೂಲೆಯಲ್ಲಿ ಕುಳಿತವನು ಎಲ್ಲರನ್ನೂ ಸರಿಯಾಗಿಯೇ ಅರ್ಥಮಾಡಿಕೊಂಡಿರುತ್ತಾನೆ, ಉಳಿದವರೆಲ್ಲ ಗದ್ದಲದ ದಡ್ಡರು. ನಾಯಕನೇ ‘ನಾನು’ ಎಂದು ಕಥೆ ಹೇಳುವ ಉತ್ತಮ ಪುರುಷ ನಿರೂಪಣೆಯಲ್ಲಂತೂ ಅವನ ಊಹೆಗಳೇ ಸತ್ಯವಾಗಿಬಿಡುತ್ತವೆ. ನೋಡುತ್ತಾ ಕೂತವನೂ ತಪ್ಪಾಗಿ ನೋಡಬಲ್ಲ. ಸುಳ್ಳು ಆರೋಪ ಹೊರಿಸಿದವನನ್ನು ನಿಮ್ಮ ಹುಡುಗ ದುಷ್ಟನೆಂದು ಎಣಿಸಿರಲಿ, ಕೊನೆಗೆ ಕೇಳಿದಾಗ ಆರೋಪ ಹೊರಿಸಿದವನದೂ ಒಂದು ಹೆದರಿಕೆಯ ಕಥೆಯೆಂದು ತಿಳಿಯಲಿ. ಕೇಳದೆ ತೀರ್ಮಾನಿಸುತ್ತಿದ್ದವನು ಕೇಳಿ ತಿಳಿದುಕೊಳ್ಳುವಂತಾಗುವುದು ನನ್ನ ದೃಷ್ಟಿಯಲ್ಲಿ ಭಾಷಣಕ್ಕಿಂತ ದೊಡ್ಡ ಬದಲಾವಣೆ.

ವೇದಿಕೆಯನ್ನು ತೆಗೆದುಬಿಡಿ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮೂರೋ ನಾಲ್ಕೋ ತೊದಲು ವಾಕ್ಯಗಳು ಸಾಕು, ಆದರೆ ಆ ವಾಕ್ಯಗಳಿಂದ ಅವನು ಏನನ್ನಾದರೂ ಕಳೆದುಕೊಳ್ಳುವಂತಿರಬೇಕು. ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದು ಗೆಳೆಯ ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆಯ ದೃಶ್ಯವನ್ನು ಮೊದಲು ಬರೆದುಕೊಂಡರೆ ಹಿಂದಿನ ಅಧ್ಯಾಯಗಳಲ್ಲಿ ಏನು ತಿದ್ದಬೇಕೆಂಬುದು ನಿಮಗೇ ಹೊಳೆಯುತ್ತದೆ.