ಸಹಾಯ ಬೇಕು: ಪ್ರೊಜೆಕ್ಟರ್‌ಗೆ 12 ಮೀಟರ್ ಎಚ್‌ಡಿಎಂಐ ಕೇಬಲ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆ ಕಟ್ಟಿಸ್ತಿದ್ದೀವಿ, ಸೋಮವಾರದಿಂದ ಹಾಲ್ ಪ್ಲಾಸ್ಟರಿಂಗ್ ಶುರು. ಎವಿ ರಿಸೀವರ್‌ನಿಂದ (ಚಿತ್ರ, ಧ್ವನಿ ಹಂಚೋ ಪೆಟ್ಟಿಗೆ) ಸೀಲಿಂಗ್‌ನ ಪ್ರೊಜೆಕ್ಟರ್‌ವರೆಗೆ ಗೋಡೆಯೊಳಗೆ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಯ್ಯೋ) ಕೇಬಲ್ ಎಳೀಬೇಕು.

ಈಗಿರೋ ತಾಮ್ರದ ಕೇಬಲ್ಲನ್ನ ನೆಲದ ಮೇಲೆ ಹಾಸಿ ನೋಡಿದೆ. 1080ಪಿ ಚೆನ್ನಾಗಿ ಬರುತ್ತೆ. ಅದಕ್ಕಿಂತ ಹೆಚ್ಚು ಡೇಟಾ ಬೇಕಾಗೋ 4ಕೆ ಎಚ್‌ಡಿಆರ್ (ಇನ್ನೂ ಸ್ಪಷ್ಟವಾದ, ಹೆಚ್ಚು ಬಣ್ಣ-ಹೊಳಪಿನ ಚಿತ್ರ) ಹಾಕಿದ ತಕ್ಷಣ ಬಿಳಿ ಚುಕ್ಕಿಗಳು ಮಿನುಗಿ, ಪರದೆ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತೆ. ಇಷ್ಟು ದೂರಕ್ಕೆ 18 ಜಿಬಿಪಿಎಸ್ (ಸೆಕೆಂಡಿಗೆ 18 ಗಿಗಾಬಿಟ್ ಡೇಟಾ) ಸಾಗಿಸೋದು ತಾಮ್ರಕ್ಕೆ ಕಷ್ಟ, ಹಾಗಾಗಿ ಬೆಳಕಿನ ಮೂಲಕ ಸಿಗ್ನಲ್ ಕಳಿಸೋ ಆಪ್ಟಿಕಲ್ ಫೈಬರ್ ಎಚ್‌ಡಿಎಂಐ ತಗೊಳ್ಳೋ ಯೋಚನೆ. ಅದಕ್ಕೆ ಸೋರ್ಸ್ (ರಿಸೀವರ್ ಕಡೆ ತುದಿ), ಡಿಸ್‌ಪ್ಲೇ (ಪ್ರೊಜೆಕ್ಟರ್ ಕಡೆ ತುದಿ) ಅಂತ ದಿಕ್ಕಿದೆ. ಉಲ್ಟಾ ಎಳೆದ್ರೆ ಚಿತ್ರವೇ ಬರಲ್ಲ.

ಕನೆಕ್ಟರ್ ಸಮೇತ ಎಳೆಯೋಕೆ 1 ಇಂಚಿನ ಪೈಪ್ ಸಾಕಾ, ಬೆಂಡ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾ? ಮುಂದಕ್ಕೂ ಆಗ್ಲಿ ಅಂತ 48 ಜಿಬಿಪಿಎಸ್‌ದೇ ಹಾಕ್ಲಾ? ಗೋಡೆಯೊಳಗೆ ಹಾಕಿಸಿದವರು ದಯವಿಟ್ಟು ಭಾನುವಾರದೊಳಗೆ ತಿಳಿಸಿ.