ಹಬ್ಬದ ದಿನವೇ ಪಾಳಿ ಬಿದ್ದರೆ ರಜೆ ಕೇಳಬಹುದೇ?

ಪ್ರಶ್ನೆ: ಕಳೆದ ವರ್ಷ ಮನೆಯವರೆಲ್ಲ ಹಬ್ಬದ ಪ್ರಾರ್ಥನೆಗೆ ಕುಳಿತಿದ್ದ ಹೊತ್ತಿನಲ್ಲಿ ನಾನೊಬ್ಬನೇ ಬೂಟಿನ ದಾರ ಬಿಗಿದು ಹೊಸ್ತಿಲು ದಾಟಿದ್ದು ಇಂದಿಗೂ ಮನಸ್ಸನ್ನು ಕೊರೆಯುತ್ತಿದೆ. ನಮ್ಮ ಹಬ್ಬ ಕಚೇರಿಯ ರಜಾಪಟ್ಟಿಯಲ್ಲಿಲ್ಲ. ಈ ಸಲ ರಜೆ ಕೇಳಿದರೆ ತಪ್ಪಾದೀತೇ?

ಉತ್ತರ 1: ಖಂಡಿತ ತಪ್ಪಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ವಾರದ ರಜೆಯ ಕುರಿತು 1957ರಲ್ಲಿ ಅಂಗೀಕರಿಸಿದ 106ನೆಯ ಒಡಂಬಡಿಕೆಯೇ ಧಾರ್ಮಿಕ ಅಲ್ಪಸಂಖ್ಯಾತರ ಆಚಾರಗಳನ್ನು ಸಾಧ್ಯವಾದಷ್ಟೂ ಗೌರವಿಸಬೇಕೆನ್ನುತ್ತದೆ. ಆದರೆ ಹಬ್ಬದ ರಜೆ ನಿಮಗೆ ಹಕ್ಕಾಗಿ ಸಿಗುತ್ತದೆಯೇ ಎಂಬುದು ನಿಮ್ಮ ದೇಶದ ಕಾನೂನು ಹಾಗೂ ನೇಮಕಾತಿ ಪತ್ರವನ್ನು ಅವಲಂಬಿಸಿದೆ.

ಉತ್ತರ 2: ಪಾಳಿಪಟ್ಟಿ ಸಿದ್ಧವಾಗುವ ಮೊದಲೇ ಲಿಖಿತವಾಗಿ ಕೇಳಿ. ಚಂದ್ರದರ್ಶನದಿಂದ ನಿಶ್ಚಯವಾಗುವ ಹಬ್ಬವಾದರೆ ಎರಡು ದಿನಾಂಕಗಳನ್ನೂ ನಮೂದಿಸಿ.

ಉತ್ತರ 3: ನಾನು ಸಹೋದ್ಯೋಗಿಯ ಹಬ್ಬದಂದು ಅವರ ಪಾಳಿ ಮಾಡುತ್ತೇನೆ, ನನ್ನ ಹಬ್ಬಕ್ಕೆ ಅವರು ಬರುತ್ತಾರೆ. ಮೇಲಧಿಕಾರಿಗಳು ಇದಕ್ಕೆ ಒಮ್ಮೆಯೂ ಬೇಡವೆಂದಿಲ್ಲ.