ಒಂದೇ ಬೇಡಿಕೆ ಮತ್ತೆ ಮತ್ತೆ ಇಟ್ಟರೆ ಅವಿಶ್ವಾಸವೇ? ಅನುಭವ ಇದ್ದವರು ಹೇಳಿ

ಕುಲಶೇಖರದ ಒಬ್ಬ ತಾಯಿಯ ಪ್ರಶ್ನೆ:
ಮಗ ಕುಡಿತ ಬಿಡಬೇಕೆಂದು ವರ್ಷಗಳಿಂದ ಪ್ರಾರ್ಥಿಸುತ್ತಿದ್ದೇನೆ. ಬಿಕರ್ನಕಟ್ಟೆಯ ಬಾಲಯೇಸುವಿನ ಗುರುವಾರದ ನೊವೆನಾ ಪ್ರಾರ್ಥನೆ ತಪ್ಪಿಸಿಲ್ಲ, ಅತ್ತೂರಿನ ಸಂತ ಲಾರೆನ್ಸರಿಗೆ ಮೊಂಬತ್ತಿ ಹರಕೆಯನ್ನೂ ಸಲ್ಲಿಸಿದೆ. ಏನೂ ಬದಲಾಗಿಲ್ಲ. ಮೊನ್ನೆ ಸಂಬಂಧಿಕರೊಬ್ಬರು, "ಒಮ್ಮೆ ಕೇಳಿ ಬಿಟ್ಟುಬಿಡಬೇಕು, ಮತ್ತೆ ಕೇಳಿದರೆ ವಿಶ್ವಾಸ ಇಲ್ಲವೆಂದೇ ಅರ್ಥ" ಅಂದರು. ಅಂದಿನಿಂದ ನನಗೆ ಪ್ರಾರ್ಥನೆಯೇ ಬರುತ್ತಿಲ್ಲ. ಇದನ್ನು ದಾಟಿದವರು ದಯವಿಟ್ಟು ಹೇಳಿ.

ಬಲ್ಮಠದಿಂದ:
ಅಮ್ಮಾ, ಆ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ. ಸೆರೆಯಾಗುವ ಮುನ್ನ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದರು ಎಂದು ಬೈಬಲಿನ ಮತ್ತಾಯ 26ರಲ್ಲಿದೆ. ಸಂತ ಪೌಲನೂ ತಾನು ಶರೀರದ ಮುಳ್ಳು ಎಂದು ಕರೆದ ಬಾಧೆ ತೊಲಗಲೆಂದು ಮೂರು ಸಲ ಬೇಡಿದ. ಇವರಿಗೆಲ್ಲ ವಿಶ್ವಾಸ ಇರಲಿಲ್ಲವೇ? ಬೇಸರಗೊಳ್ಳದೆ ಯಾವಾಗಲೂ ಪ್ರಾರ್ಥಿಸಬೇಕು ಎಂದು ಕಲಿಸಲಿಕ್ಕೇ ಲೂಕ 18ರಲ್ಲಿ, ನ್ಯಾಯಕ್ಕಾಗಿ ನ್ಯಾಯಾಧಿಪತಿಯನ್ನು ಬಿಡದೆ ಬೇಡಿದ ವಿಧವೆಯ ಸಾಮ್ಯ ಬಂದಿದೆ. ಅದನ್ನೂ ಕೆಲವರು, ಪೀಡಿಸಿದರೆ ದೇವರು ಸೋಲುತ್ತಾನೆ ಅನ್ನುವ ಹಾಗೆ ಬೋಧಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ದೇವರಿಗೆ ಹೆದರದ, ಮನುಷ್ಯರನ್ನು ಲೆಕ್ಕಿಸದ ನ್ಯಾಯಾಧಿಪತಿಯೇ ಕೊನೆಗೆ ಕಿವಿಗೊಟ್ಟ ಮೇಲೆ ತಂದೆ ಕೇಳದಿರುತ್ತಾನೆಯೇ ಎಂಬುದು ಅಲ್ಲಿನ ಮಾತು. ಮತ್ತಾಯ 6ರಲ್ಲಿ ಸ್ವಾಮಿ ಬೇಡವೆಂದದ್ದು, ಮಾತು ಹೆಚ್ಚಿದಷ್ಟೂ ದೇವರು ಕೇಳುತ್ತಾನೆಂಬ ಲೆಕ್ಕಾಚಾರವನ್ನು. ಅಳುವ ತಾಯಿಯನ್ನು ಯಾವತ್ತೂ ದೂರ ಮಾಡಿದವರಲ್ಲ.

ಶಿರ್ವದಿಂದ:
ನನ್ನ ಗಂಡ ಕುಡಿಯುತ್ತಿದ್ದವರು. ರಾತ್ರಿ ತೇರ್ಸಿಗೆ, ಅಂದರೆ ಮನೆಯ ರೋಸರಿ ಜಪಕ್ಕೆ, ಮೊಣಕಾಲೂರಿ ಜಪಸರ ಹಿಡಿದಿದ್ದಾಗಲೇ ಗೇಟಿನ ಸದ್ದಾಗುತ್ತಿತ್ತು. ಮಕ್ಕಳು ಜಪದ ನಡುವೆ ನನ್ನ ಮುಖ ನೋಡುವರು. ನನ್ನ ಬೆರಳು ಮಣಿಯ ಮೇಲೆ, ಕಿವಿ ಜಗಲಿಯಲ್ಲಿ. ಚಪ್ಪಲಿ ಕಳಚುವ ರೀತಿಯಲ್ಲೇ ಆ ದಿನ ಎಷ್ಟು ಕುಡಿದಿದ್ದಾರೆಂದು ಗೊತ್ತಾಗುತ್ತಿತ್ತು. ಇಂಥದ್ದು ಪ್ರಾರ್ಥನೆಯೇ ಎಂದು ನಮ್ಮ ಫಾದರ್ ಹತ್ತಿರ ಕೇಳಿದೆ. ಆ ಕಿವಿಯನ್ನೂ ದೇವರ ಮುಂದೆ ಇಡಿ ಅಂದರು. ಆಮೇಲೆ ಉದ್ದುದ್ದ ಹೇಳುವುದನ್ನು ಬಿಟ್ಟೆ. ಸದ್ದು ಕೇಳಿದಾಗಲೆಲ್ಲ "ಸ್ವಾಮೀ, ಇವರು ನಿನ್ನವರು" ಅಷ್ಟೇ. ಬಾಯಿ ಕಟ್ಟಿದಂತಾದಾಗ ನಿಮಗೂ ಅಷ್ಟು ಸಾಕು ಅಕ್ಕಾ.

ಇನ್ನೊಂದು ಮಾತು. ಡಾಕ್ಟರ ಹತ್ತಿರ ಹೋದರೆ ವಿಶ್ವಾಸ ಕಡಿಮೆಯಾಯಿತೆಂದು ತಿಳಿಯಬೇಡಿ. ಆಣೆ ಹಾಕಿಸಿ ಒಮ್ಮೆಲೇ ನಿಲ್ಲಿಸು ಎಂದು ಒತ್ತಾಯಿಸಲೂಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ನಾವು ಆಸ್ಪತ್ರೆಗೆ ಸೇರಿಸಿಯೇ ಬಿಡಿಸಿದ್ದು. ಆಮೇಲೆ ಅವರು ಕುಡಿತ ಬಿಡುವವರು ಒಟ್ಟು ಸೇರುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗಿಗೆ, ನಾನು ಮನೆಯವರಿಗೆಂದೇ ಇರುವ ಅಲ್-ಅನಾನ್‌ಗೆ ಹೋದೆವು. ನಡುವೆ ಒಮ್ಮೆ ಮತ್ತೆ ಶುರುವಾಯಿತು, ಆಗಲೂ ತೇರ್ಸ್ ನಿಲ್ಲಿಸಲಿಲ್ಲ. ಈಗ ಕುಡಿಯುತ್ತಿಲ್ಲ. ನಾಳೆಗಾಗಿ ಇವತ್ತೂ ಬೇಡುತ್ತೇನೆ.

ಮಲ್ಪೆಯಿಂದ:
ನಮ್ಮ ಅಣ್ಣನಿಗಾಗಿ ಪ್ರಾರ್ಥನಾ ಕೂಟದವರೆಲ್ಲ ಉಪವಾಸ ಮಾಡಿದರು. ಲಿವರ್ ಪೂರ್ತಿ ಹಾಳಾಗಿತ್ತು, ಉಳಿಯಲಿಲ್ಲ. ಎಲ್ಲ ಒಳ್ಳೆಯದಕ್ಕೇ ಎಂದು ಯಾರಾದರೂ ಹೇಳಿದರೆ ಈಗಲೂ ಸಹಿಸಲಾಗದು. ನನ್ನ ಕೈಬಿಡದೆ ಇದ್ದದ್ದು ಕೀರ್ತನೆ 13. "ಎಷ್ಟರವರೆಗೆ" ಎಂದು ದೇವರನ್ನೇ ನಾಲ್ಕು ಸಲ ಕೇಳುವ ಪ್ರಾರ್ಥನೆ ಅದು. ಅದು ಬೈಬಲಿನಲ್ಲೇ ಇದೆಯಲ್ಲ, ಧೈರ್ಯವಾಗಿ ಓದಿ.

ಕಲ್ಯಾಣಪುರದಿಂದ:
ಸಂತ ಮೋನಿಕಾ ಅವರನ್ನು ನೆನೆಯಿರಿ. ಮುಂದೆ ಸಂತನಾದ ಮಗ ಅಗಸ್ಟೀನ್ ರೋಮಿಗೆ ಹೋಗದಿರಲೆಂದು ಉತ್ತರ ಆಫ್ರಿಕಾದ ಕಾರ್ತೇಜಿನ ಕಡಲ ಹತ್ತಿರದ ಪ್ರಾರ್ಥನಾಲಯದಲ್ಲಿ ರಾತ್ರಿಯೆಲ್ಲ ಅತ್ತು ಬೇಡಿದರು. ಅವನೋ ತಾಯಿಗೆ ಸುಳ್ಳು ಹೇಳಿ ಅದೇ ರಾತ್ರಿ ಹಡಗು ಹತ್ತಿದ. ಆ ರಾತ್ರಿಯ ಬೇಡಿಕೆ ನಡೆಯಲಿಲ್ಲ. ಆದರೆ ಇಟಲಿಗೆ ಹೋದದ್ದರಿಂದಲೇ ಮಿಲಾನಿನಲ್ಲಿ ಬಿಷಪ್ ಆಂಬ್ರೋಸರ ಪ್ರಸಂಗ ಅವನ ಕಿವಿಗೆ ಬಿತ್ತು, 387ರಲ್ಲಿ ಅವರ ಕೈಯಿಂದಲೇ ದೀಕ್ಷಾಸ್ನಾನವೂ ಆಯಿತು. ಮೋನಿಕಾ ತೀರಿಕೊಂಡದ್ದೂ ಅದೇ ವರ್ಷ. ಅತ್ತು ಮನೆಯಲ್ಲೇ ಕೂತವರಲ್ಲ ಅವರು, ಮಗನ ಹಿಂದೆಯೇ ಕಡಲು ದಾಟಿ ಹೋಗಿದ್ದರು. ಅವರ ಹಬ್ಬ ಆಗಸ್ಟ್ 27.

ನಿಮ್ಮ ಮಗನ ಹೆಸರು ಹೇಳಬೇಕಾಗಿಲ್ಲ. ಇವತ್ತು ರಾತ್ರಿಯಿಂದ ನಮ್ಮ ಮನೆಯ ಪ್ರಾರ್ಥನೆಯಲ್ಲಿ "ಕುಲಶೇಖರದ ಅಮ್ಮನ ಮಗ" ಎಂದು ಸೇರಿಸುತ್ತೇವೆ. ನೀವು ಸ್ವಲ್ಪ ದಿನ ಸುಮ್ಮನಿದ್ದರೂ ಪರವಾಗಿಲ್ಲ.